ಟ್ಯೂಲಿಪ್ ಬೇಸಾಯ: ಹೂವೋ, ಗೆಡ್ಡೆಯೋ?

ಕಾಶ್ಮೀರದ ಯಾತ್ರೆಯನ್ನು ಮುಗಿಸಿ ಬಂದ ನಮ್ಮ ಬಂಧುಗಳೊಬ್ಬರು ಅಲ್ಲಿಯ ಟ್ಯೂಲಿಪ್ ತೋಟವನ್ನು ವರ್ಣಿಸಿದ ರೀತಿಗೆ ಮನಸೋತು, ಕೆಲವು ವರ್ಷಗಳ ಹಿಂದೆ ನಾವೂ ಆರು ಗೆಡ್ಡೆಗಳನ್ನು ಅಂಚೆಯ ಮೂಲಕ ತರಿಸಿ ಬೆಂಗಳೂರಿನ ನಮ್ಮ ಮನೆಯಂಗಳದ ಕುಂಡಗಳಲ್ಲಿ ನೆಟ್ಟೆವು. ನೋಡುವುದಕ್ಕೆ ಅವು ಈರುಳ್ಳಿಯಂತೆಯೇ ಇದ್ದವು. ಮನೆಯ ಹಿರಿಯರು ಅವನ್ನು ಕಂಡು, “ಇವನ್ನು ಹುಳಿಗೆ ಹಾಕುವುದಕ್ಕೆ ತರಿಸಿದಿರೋ, ನೆಡುವುದಕ್ಕೋ?” ಎಂದು ನಕ್ಕರು. ದಿನಗಳು ಕಳೆದಂತೆ ಅಗಲವಾದ ಬೂದುಹಸುರಿನ ಎಲೆಗಳೇನೋ ಬಂದವು. ಹೂವು ಮಾತ್ರ ಬರಲಿಲ್ಲ. ಗೊಬ್ಬರ ಸಾಲದೆಂದು ಗೊಬ್ಬರವನ್ನು ಹಾಕಿದೆವು. ಬಿಸಿಲು ಸಾಲದೆಂದು ಕುಂಡಗಳನ್ನು ಬಿಸಿಲಿಗೆ ಎಳೆದೆವು. ಎಲೆಗಳು ಹಳದಿಯಾಗಿ ಒರಗಿದವು. ಗೆಡ್ಡೆಯನ್ನು ಮಾರಿದವನು ಮೋಸಮಾಡಿದನೆಂದು ಅವನನ್ನು ಬೈದು ಸಮಾಧಾನಪಟ್ಟುಕೊಂಡೆವು.

ತಪ್ಪು ಅವನದಲ್ಲ, ನಮ್ಮದೇ ಎಂಬುದು ಆಮೇಲೆ ತಿಳಿಯಿತು. ಅದನ್ನು ತಿಳಿಯಹೊರಟ ನಮಗೆ ಈ ಹೂವಿನ ಬೇಸಾಯವನ್ನೇ ನಂಬಿ ಸಂಸಾರ ನಡೆಸುವ ಚಿಕ್ಕ ತೋಟಗಾರರ ಬಾಳು ಎಂಥದೆಂಬುದೂ ತಿಳಿದುಬಂದಿತು. ಅದನ್ನು ನಮ್ಮ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಟ್ಯೂಲಿಪ್ ಹೂವಿನ ತೌರುಮನೆ ಹಾಲೆಂಡೆಂದು ಅನೇಕರು ಭಾವಿಸಿದ್ದಾರೆ. ಅದು ಸರಿಯಲ್ಲ. ಮಧ್ಯ ಏಷ್ಯದ ತಿಯಾನ್ ಶಾನ್, ಪಾಮೀರ್ ಮುಂತಾದ ಪರ್ವತಗಳ ತಪ್ಪಲುಗಳಲ್ಲಿ ಅದು ಕಾಡುಗಿಡವಾಗಿ ಬೆಳೆಯುತ್ತದೆ. ಅಲ್ಲಿ ಚಳಿಗಾಲವು ಕಠಿನ, ಬೇಸಗೆಯು ಒಣಕಲು. ನಡುವೆ ಬರುವ ವಸಂತವು ಅಲ್ಪಾಯು. ಆ ಅಲ್ಪಕಾಲದಲ್ಲಿಯೇ ಚಿಗುರಿ, ಹೂತು, ಬೀಜಕಟ್ಟಿ, ಉಳಿದ ತಿಂಗಳುಗಳನ್ನು ನೆಲದೊಳಗೆ ಗೆಡ್ಡೆಯಾಗಿ ಕಳೆಯುವುದನ್ನು ಈ ಗಿಡವು ಕಲಿತಿದೆ. ತುರ್ಕರು ಅದನ್ನು ಉದ್ಯಾನಗಳಿಗೆ ತಂದು ಬಹಳವಾಗಿ ಆದರಿಸಿದರು. ಮುಂಡಾಸನ್ನು ಹೇಳುವ ಮಾತಿನಿಂದಲೇ ಯೂರೋಪಿಯನರು ಅದರ ಹೆಸರನ್ನು ಮಾಡಿಕೊಂಡರು. 1593ರಲ್ಲಿ ಲೈಡನ್ ನಗರದ ವಿಶ್ವವಿದ್ಯಾನಿಲಯದ ಸಸ್ಯೋದ್ಯಾನಕ್ಕೆ ಬಂದ ಕ್ಲೂಸಿಯಸ್ ಎಂಬ ಪಂಡಿತನು ಅಲ್ಲಿ ಗೆಡ್ಡೆಗಳನ್ನು ನೆಡಿಸಿದನು. ಮರುವರ್ಷದ ವಸಂತದಲ್ಲಿ ಅವು ಹೂಬಿಟ್ಟವು.

ನಾವು ಕೊಳ್ಳುವ ಗೆಡ್ಡೆಯೊಳಗೆ ಮುಂದಿನ ವರ್ಷದ ಹೂವು ಆಗಲೇ ಅತಿ ಸೂಕ್ಷ್ಮರೂಪದಲ್ಲಿ ಸಿದ್ಧವಾಗಿರುತ್ತದೆ. ಗೆಡ್ಡೆಯನ್ನು ಅಗೆದು ತೆಗೆದ ಬಳಿಕ, ಬೇಸಗೆಯ ವಿಶ್ರಾಂತಿಕಾಲದಲ್ಲಿ ಅದು ಒಳಗೆ ರೂಪುಗೊಳ್ಳುತ್ತದೆ. ಆದರೆ ಹಾಗೆ ರೂಪುಗೊಂಡ ಹೂವು ಎದ್ದು ಹೊರಬರಬೇಕಾದರೆ ಗೆಡ್ಡೆಯು 12ರಿಂದ 16 ವಾರಗಳ ಕಾಲ 9 ಡಿಗ್ರಿ ಸೆಂಟಿಗ್ರೇಡಿಗಿಂತ ಕಡಿಮೆಯಾದ ಚಳಿಯನ್ನು ಅನುಭವಿಸತಕ್ಕದ್ದು. ಆ ಚಳಿಯಿಲ್ಲದಿದ್ದರೆ ಕಾಂಡವು ನೀಳವಾಗುವುದಿಲ್ಲ. ಮೊಗ್ಗು ಒಳಗೇ ಕರಟಿಹೋಗುತ್ತದೆ. ಬೆಂಗಳೂರಿನ ಮಾಗಿಯ ಚಳಿಗೆ ನಾವು ಕಂಬಳಿ ಹೊದೆಯುತ್ತೇವೆ. ಟ್ಯೂಲಿಪ್ಪಿಗೆ ಅದು ಚಳಿಯೇ ಅಲ್ಲ. ನಮ್ಮ ಆರು ಗೆಡ್ಡೆಗಳ ಗರ್ಭದಲ್ಲಿ ಹೂವುಗಳು ಇದ್ದೇ ಇದ್ದವು. ನಾವು ಅವನ್ನು ಎಬ್ಬಿಸಲಿಲ್ಲ.

ಇನ್ನು ಈ ಗೆಡ್ಡೆಯ ಎರಡನೆಯ ಗುಣವನ್ನು ಹೇಳಬೇಕು. ವ್ಯಾಪಾರವೆಲ್ಲ ನಿಂತಿರುವುದು ಅದರ ಮೇಲೆಯೇ. ನೆಟ್ಟ ತಾಯಿಗೆಡ್ಡೆಯು ಎಲೆಗೂ ಹೂವಿಗೂ ತನ್ನ ಸತ್ವವನ್ನೆಲ್ಲ ಕೊಟ್ಟು ಆ ವರ್ಷವೇ ಕರಗಿಹೋಗುತ್ತದೆ. ಹೂವಾದಮೇಲೆ ಎಲೆಗಳು ಕೆಲವು ವಾರ ಹಸುರಾಗಿ ನಿಂತು ಬಿಸಿಲನ್ನು ಕುಡಿದರೆ, ತಾಯಿಯಿದ್ದ ಸ್ಥಳದಲ್ಲಿ ಹೊಸ ಮರಿಗೆಡ್ಡೆಗಳು ತುಂಬಿಕೊಳ್ಳುತ್ತವೆ. ಎಲೆಯನ್ನು ಕೊಯ್ದರೆ ಮರಿಗಳು ಬಡವಾಗುತ್ತವೆ. ಬೀಜದಿಂದ ಬೆಳೆಸೋಣವೆಂದರೆ ಹೂವು ಕಾಣುವುದಕ್ಕೆ ಐದರಿಂದ ಏಳು ವರ್ಷಗಳು ಬೇಕು. ಅದೂ ತಾಯಿಯ ಬಣ್ಣವೇ ಬಂದೀತೆಂಬ ಭರವಸೆಯಿಲ್ಲ. ಆದಕಾರಣ ಒಂದೇ ಗಿಡದಿಂದ ಒಳ್ಳೆಯ ಹೂವನ್ನೂ ಒಳ್ಳೆಯ ಗೆಡ್ಡೆಯನ್ನೂ ಪಡೆದು ಮಾರುವುದು ಬಲು ಕಷ್ಟ. ಬೇಸಾಯಗಾರನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಗೆಡ್ಡೆಯನ್ನು ಆರಿಸಿಕೊಂಡವರು ಹಾಲೆಂಡಿನ ಹಾರ್ಲೆಮ್, ಲೈಡನ್ ನಗರಗಳ ನಡುವೆ ಕಡಲ ಮರಳುದಿಬ್ಬಗಳ ಹಿಂದಿನ ಹೊಲಗಳಲ್ಲಿಯೂ, ಆ ದೇಶದ ಇತರ ಪ್ರಾಂತಗಳಲ್ಲಿಯೂ ಇದ್ದಾರೆ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ನಾಟಿ. ಏಪ್ರಿಲ್ ತಿಂಗಳಲ್ಲಿ ಹೊಲವೆಲ್ಲ ಬಣ್ಣದ ಜಮಖಾನ. ಪ್ರವಾಸಿಗಳು ಕಣ್ತುಂಬ ನೋಡುತ್ತಿರುವಂತೆಯೇ ರೈತನು ಯಂತ್ರವನ್ನು ಹೊಡೆದುಕೊಂಡು ಬಂದು ಹೂವಿನ ತಲೆಗಳನ್ನೆಲ್ಲ ಕತ್ತರಿಸಿ ಚೆಲ್ಲಿಬಿಡುತ್ತಾನೆ! ನೋಡುವವರಿಗೆ ಇದು ಕ್ರೌರ್ಯವೆಂದು ತೋರಬಹುದು. ಆದರೆ ಬೀಜಕ್ಕೆ ಹೋಗತಕ್ಕ ಸತ್ವವು ಗೆಡ್ಡೆಗೆ ಇಳಿಯಲೆಂಬುದೇ ಅವನ ಲೆಕ್ಕ. ಜೂನ್, ಜುಲೈ ತಿಂಗಳುಗಳಲ್ಲಿ ಗೆಡ್ಡೆಗಳನ್ನು ಅಗೆದು, ಒಣಗಿಸಿ, ಸುತ್ತಳತೆಗೆ ತಕ್ಕಂತೆ ಬೇರ್ಪಡಿಸುತ್ತಾರೆ. 12 ಸೆಂಟಿಮೀಟರಿಗೆ ಮೇಲ್ಪಟ್ಟ ಸುತ್ತಳತೆಯದು ಮೇಲ್ತರದ್ದು. ಸಣ್ಣವು ಮತ್ತೆ ಮಣ್ಣಿಗೆ ಹೋಗುತ್ತವೆ.

ಹೂವನ್ನು ಆರಿಸಿಕೊಂಡವನ ಪಾಡೇ ಬೇರೆ. ಇಂಗ್ಲೆಂಡು, ಅಮೆರಿಕ ಮೊದಲಾದ ದೇಶಗಳಲ್ಲಿ ಒಂದೆರಡು ಎಕರೆಯ, ಕೆಲವೆಡೆ ಅದಕ್ಕೂ ಚಿಕ್ಕದಾದ ಹೂದೋಟಗಳನ್ನು ಗಂಡಹೆಂಡಿರೇ ನಡೆಸುವುದುಂಟು. ಅವರು ಶರತ್ಕಾಲದಲ್ಲಿ ಗೆಡ್ಡೆಗಳನ್ನು ಹಣಕೊಟ್ಟು ಕೊಳ್ಳುತ್ತಾರೆ. ಅಂಗೈಯಗಲದಷ್ಟು ಆಳದ ಪಾತಿಯನ್ನು ತೋಡಿ, ಬುಟ್ಟಿಯಲ್ಲಿ ಮೊಟ್ಟೆಗಳನ್ನು ಜೋಡಿಸಿದಂತೆ ಗೆಡ್ಡೆಗಳನ್ನು ಒತ್ತೊತ್ತಾಗಿ ಇಟ್ಟು ಮಣ್ಣು ಮುಚ್ಚುತ್ತಾರೆ. ಗಿಡವು ಬಹುಕಾಲ ನಿಲ್ಲತಕ್ಕದ್ದಲ್ಲವಾದ್ದರಿಂದ ಅಂತರವನ್ನು ಬಿಡುವುದಿಲ್ಲ. ಬಳಿಕ ಚಳಿಗಾಲವೆಲ್ಲ ಕಾಯುವುದು. ಇಲಿಗಳು ನೆಲದೊಳಗೆ ಗೆಡ್ಡೆಯನ್ನು ತಿನ್ನದಂತೆಯೂ, ಜಿಂಕೆಗಳು ಚಿಗುರನ್ನು ಮೇಯದಂತೆಯೂ ನೋಡಿಕೊಳ್ಳುವುದು.

ವಸಂತದಲ್ಲಿ ಮೊಗ್ಗು ಇನ್ನೂ ಬಿಗಿಯಾಗಿರುವಾಗ, ಹಸುರಿನ ಮೇಲೆ ಬಣ್ಣವು ಇಷ್ಟಿಷ್ಟೇ ಏರುತ್ತಿರುವಾಗ ಕೊಯ್ಲು. ಕೊಯ್ಲೆಂದರೆ ಕತ್ತರಿಸುವುದಲ್ಲ, ಗೆಡ್ಡೆಯ ಸಮೇತ ಗಿಡವನ್ನೇ ಎಳೆಯುವುದು. ಇದರಿಂದ ನೆಲದೊಳಗಿದ್ದ ಕಾಂಡದ ಉದ್ದವೂ ದಕ್ಕುತ್ತದೆ. ಮೇಲಾಗಿ, ಗೆಡ್ಡೆಯಿರುವ ಹೂವನ್ನು ನೀರಿಲ್ಲದೆಯೇ ನಿಲ್ಲಿಸಿ, ಮಂಜುಗಡ್ಡೆಯಾಗದಷ್ಟು ತಣ್ಣಗಿರುವ ಕೋಣೆಯಲ್ಲಿ ಎರಡು ವಾರಗಳಾದರೂ ಕಾಪಾಡಬಹುದು. ಮಾರುವ ದಿನ ಗೆಡ್ಡೆಯನ್ನು ಕೊಯ್ದುಹಾಕಿ, ಕಾಂಡಗಳನ್ನು ಕಾಗದದಲ್ಲಿ ನೆಟ್ಟಗೆ ಸುತ್ತಿ, ತಣ್ಣೀರಿನಲ್ಲಿ ನಿಲ್ಲಿಸಿದರೆ ಬಾಗಿದ ಹೂವು ಎದ್ದು ನಿಲ್ಲುತ್ತದೆ. ಕೊಯ್ದ ಗೆಡ್ಡೆಯು ಗೊಬ್ಬರದ ಗುಂಡಿಗೆ. ಮುಂದಿನ ವರ್ಷಕ್ಕೆ ಮತ್ತೆ ಹೊಸ ಗೆಡ್ಡೆ, ಮತ್ತೆ ಹೊಸ ಹಣ.

ನಮ್ಮ ಮಲ್ಲಿಗೆಯ ಬೆಳೆಗಾರನೊಡನೆ ಇವನನ್ನು ಹೋಲಿಸಿ ನೋಡೋಣ. ಮಲ್ಲಿಗೆಯ ಗಿಡವನ್ನು ಒಮ್ಮೆ ನೆಟ್ಟರೆ ವರ್ಷವರ್ಷವೂ ಬಿಡಿಸಬಹುದು. ಇಂದು ಬೆಲೆ ಬಿದ್ದರೆ ನಾಳೆ ಏರೀತೆಂಬ ಆಸೆಯಾದರೂ ಉಂಟು. ಟ್ಯೂಲಿಪ್ಪಿನಲ್ಲಿ ಒಂದು ಗೆಡ್ಡೆಗೆ ಸಾಮಾನ್ಯವಾಗಿ ಒಂದೇ ಹೂವು. 1,000 ಗೆಡ್ಡೆ ನೆಟ್ಟವನಿಗೆ, ಒಂದೂ ಹಾಳಾಗದಿದ್ದರೆ, 1,000 ಹೂವು. ಹತ್ತರ ಕಟ್ಟಾಗಿ ಕಟ್ಟಿದರೆ 100 ಕಟ್ಟು. ಅದಕ್ಕಿಂತ ಒಂದು ಕಟ್ಟೂ ಹೆಚ್ಚಾಗದು. ಹತ್ತು ಕಟ್ಟು ಮಾರಾಟವಾಗದೆ ಬಾಡಿದರೆ ನೂರು ಗೆಡ್ಡೆಗಳ ಬೆಲೆಯೂ ಆರು ತಿಂಗಳ ದುಡಿಮೆಯೂ ಅದರೊಡನೆ ಬಾಡಿದವು. ಸಾಲದೆಂಬಂತೆ, ನಾಲ್ಕು ದಿನ ಬಿಸಿಲು ಕಾದರೆ ತೋಟದ ಹೂವೆಲ್ಲ ಒಮ್ಮೆಗೇ ಅರಳಲು ತೊಡಗುತ್ತದೆ. ನೆರೆಯವನ ತೋಟದಲ್ಲಿಯೂ ಹಾಗೆಯೇ. ಆಗ ಬೆಲೆ ಕುಸಿಯದೆ ಇನ್ನೇನಾದೀತು?

ಇದಕ್ಕೆ ಜಾಣ ಬೆಳೆಗಾರರು ಮೂರು ಉಪಾಯಗಳನ್ನು ಕಂಡುಕೊಂಡಿದ್ದಾರೆ. ಮುಂಚೆ ಹೂಬಿಡುವ, ನಡುವೆ ಬಿಡುವ, ತಡವಾಗಿ ಬಿಡುವ ಜಾತಿಗಳನ್ನು ಬೆರೆಸಿ ನೆಟ್ಟು ಸುಗ್ಗಿಯನ್ನು ನೀಳಮಾಡಿಕೊಳ್ಳುವುದು ಒಂದು. ಮೇಲೆ ಹೇಳಿದಂತೆ ತಣ್ಣನೆಯ ಕೋಣೆಯಲ್ಲಿ ಹೂವನ್ನು ಹಿಡಿದಿಡುವುದು ಎರಡನೆಯದು. ಮೂರನೆಯದು, ಗಿಡ ಚಿಗುರುವ ಮೊದಲೇ ಊರಿನ ಮನೆಗಳಿಂದ ಹಣವನ್ನು ಪಡೆದು, ಹೂಗಾಲದಲ್ಲಿ ವಾರಕ್ಕೊಂದು ಕಟ್ಟನ್ನು ತಲಪಿಸುವ ಏರ್ಪಾಡು. ತಾವು ಪತ್ರಿಕೆಗೆ ಚಂದಾ ಕೊಡುವಂತೆಯೇ ಅವರು ಹೂವಿಗೆ ಚಂದಾ ಕೊಡುತ್ತಾರೆ. ಚಳಿಗಾಲದಲ್ಲಿ ಬರಿಗೈಯಾದ ಬೆಳೆಗಾರನಿಗೆ ಈ ಮುಂಗಡವು ಎಷ್ಟು ದೊಡ್ಡ ಆಸರೆಯೆಂಬುದನ್ನು ಸಂಸಾರಸ್ಥರಿಗೆ ಬೇರೆ ಹೇಳಬೇಕಾಗಿಲ್ಲ.

ಹಾಲೆಂಡಿನಲ್ಲಿ ದೊಡ್ಡ ಪ್ರಮಾಣದ ಮಾರಾಟಕ್ಕೆ ಹರಾಜಿನ ಪದ್ಧತಿಯಿದೆ. ನಮ್ಮ ಹರಾಜಿನಲ್ಲಿ ಬೆಲೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಅಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಗಡಿಯಾರದಂಥ ಫಲಕದ ಮೇಲೆ ಬೆಲೆಯ ಮುಳ್ಳು ಇಳಿಯುತ್ತಿರಲು, ಮೊದಲು ಗುಂಡಿಯನ್ನು ಒತ್ತಿದವನಿಗೆ ಸರಕು. ಹೆಚ್ಚು ಹೊತ್ತು ಕಾದರೆ ಹೂವು ಕೈತಪ್ಪೀತು. ಅವಸರಪಟ್ಟರೆ ಹಣ ಹೆಚ್ಚು ತೆತ್ತಂತಾಯಿತು. ಆಲ್ಸ್‌ಮೇರ್ ಎಂಬ ಊರಿನ ಹೂವಿನ ಹರಾಜು ಲೋಕಪ್ರಸಿದ್ಧವಾದದ್ದು. ಈಗ ಕೊಳ್ಳುವವರು ಬಹುಮಟ್ಟಿಗೆ ತಮ್ಮ ಸ್ಥಳದಲ್ಲಿಯೇ ಕುಳಿತು ಕಂಪ್ಯೂಟರಿನ ಮೂಲಕ ಭಾಗವಹಿಸುತ್ತಾರೆ. ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿ ಗುಲಾಬಿ ಮುಂತಾದ ಹೂವುಗಳ ಹರಾಜಿಗೆ ಇದೇ ಇಳಿಮುಖದ ಕ್ರಮವನ್ನು ತಂದದ್ದುಂಟು.

ಟ್ಯೂಲಿಪ್ಪಿನ ವ್ಯಾಪಾರವೆಂದಕೂಡಲೆ 1637ರ ಹುಚ್ಚಿನ ಕಥೆಯನ್ನು ಹೇಳುವುದು ವಾಡಿಕೆ. ಅದಕ್ಕೆ ಮುಂಚಿನ ಚಳಿಗಾಲದಲ್ಲಿ, ನೆಲದೊಳಗೇ ಇದ್ದ ಗೆಡ್ಡೆಗಳನ್ನು ಕಣ್ಣಿನಿಂದ ಕಾಣದೆಯೇ, ಬರಿಯ ಕಾಗದದ ಮೇಲೆ ಒಬ್ಬರಿಂದೊಬ್ಬರು ಹೆಂಡದಂಗಡಿಗಳಲ್ಲಿ ಕುಳಿತು ಕೊಂಡುಮಾರಿದರು. ಡಚ್ಚರೇ ಇದನ್ನು ಗಾಳಿಯ ವ್ಯಾಪಾರವೆಂದು ಕರೆದರು. 1637ರ ಫೆಬ್ರವರಿಯಲ್ಲಿ ಹಾರ್ಲೆಮ್ ನಗರದಲ್ಲಿ ಕೊಳ್ಳುವವರು ಹಿಂದೆಗೆಯಲು ಬೆಲೆ ಮುರಿದುಬಿದ್ದಿತು. ದೇಶವೇ ದಿವಾಳಿಯಾಯಿತೆಂಬ ಮಾತು ಮಾತ್ರ ಉತ್ಪ್ರೇಕ್ಷೆಯೆಂದು ಈಚಿನ ಚರಿತ್ರಕಾರರು ಹಳೆಯ ದಾಖಲೆಗಳನ್ನು ಶೋಧಿಸಿ ತೋರಿಸಿದ್ದಾರೆ. ಅಂದು ಅತಿ ಹೆಚ್ಚು ಬೆಲೆಬಾಳುತ್ತಿದ್ದವು ಬಿಳಿಯ ದಳದ ಮೇಲೆ ಕೆಂಪು ಗೆರೆಗಳು ಜ್ವಾಲೆಯಂತೆ ಹರಿದ ‘ಸೆಂಪರ್ ಆಗಸ್ಟಸ್’ನಂಥ ಹೂವುಗಳು. ಆ ಗೆರೆಗಳು ಒಂದು ರೋಗದ ಗುರುತೆಂಬುದನ್ನು ಅಂದಿನವರು ಅರಿಯರು. ರೋಗಹಿಡಿದ ಗೆಡ್ಡೆಯಿಂದ ಅದು ಇತರ ಗೆಡ್ಡೆಗೆ ಹರಡಬಲ್ಲುದೆಂದು 1928ರಲ್ಲಿ ಇಂಗ್ಲೆಂಡಿನ ಡೊರೊಥಿ ಕೇಲಿ ಎಂಬ ವಿದುಷಿಯು ತೋರಿಸಿಕೊಟ್ಟಳು. ಸಸ್ಯಹೇನುಗಳು ಹೊತ್ತು ತರುವ ವೈರಸ್ಸೇ ಅದಕ್ಕೆ ಕಾರಣ. ಹೂವಿಗೆ ಶೋಭೆಯನ್ನು ಕೊಟ್ಟ ರೋಗವೇ ಗೆಡ್ಡೆಯನ್ನು ವರ್ಷೇವರ್ಷೇ ಕೃಶಮಾಡುತ್ತಿತ್ತು.

ಬೂಷ್ಟಿನಿಂದ ಬರುವ ಇನ್ನೊಂದು ರೋಗಕ್ಕೆ ಆಂಗ್ಲರು ಟ್ಯೂಲಿಪ್ಪಿನ ಬೆಂಕಿಯೆಂದು ಹೆಸರಿಟ್ಟಿದ್ದಾರೆ. ಭತ್ತದ ಬೆಂಕಿರೋಗವನ್ನು ನಮ್ಮ ರೈತರು ಬಲ್ಲರಷ್ಟೆ. ಅದರ ಬೂಷ್ಟು ಬೇರೆ, ಇದರದು ಬೇರೆ. ಹೆಸರಿನ ಸಂಕಟ ಒಂದೇ. ಎಲೆಗಳು ಸುಟ್ಟಂತಾಗಿ ಮುರುಟುತ್ತವೆ. ರೋಗ ಬಂದ ಗಿಡವನ್ನು ಕಿತ್ತುಹಾಕಿ, ಆ ಪಾತಿಯಲ್ಲಿ ಮೂರು ವರ್ಷಗಳವರೆಗಾದರೂ ಟ್ಯೂಲಿಪ್ಪನ್ನು ನೆಡಬಾರದು. ಅಂಗೈಯಗಲದ ಭೂಮಿಯುಳ್ಳವನಿಗೆ ಇದೇನು ಚಿಕ್ಕ ದಂಡವೇ?

ಗೆಡ್ಡೆಯ ಮಾತಿನಲ್ಲಿ ಇನ್ನೊಂದು ಸಂಗತಿಯನ್ನು ಮರೆಯಲಾಗದು. 1944–45ರ ಚಳಿಗಾಲದಲ್ಲಿ ಜರ್ಮನರ ವಶದಲ್ಲಿದ್ದ ಪಶ್ಚಿಮ ಹಾಲೆಂಡಿಗೆ ಅನ್ನವೂ ಸೌದೆಯೂ ಇಲ್ಲದೆ ಸುಮಾರು 20,000 ಜನರು ಸತ್ತರು. ಆಗ ಮನೆಮನೆಗಳಲ್ಲಿ ಟ್ಯೂಲಿಪ್ ಗೆಡ್ಡೆಗಳನ್ನು ಬೇಯಿಸಿ ತಿಂದರು. ಗೆಡ್ಡೆಯ ನಡುವಿನ ಹಳದಿಯ ಮೊಳಕೆಯು ವಿಷಕಾರಿಯಾದ್ದರಿಂದ ಅದನ್ನು ತೆಗೆದುಹಾಕಿ ಬೇಯಿಸಬೇಕೆಂದು ಗೃಹಿಣಿಯರಿಗೆ ಸೂಚನೆ ಕೊಡಲಾಗಿತ್ತು. ಆ ಮೊಳಕೆಯೇ ಮುಂದಿನ ವಸಂತದ ಹೂವು. ನಮ್ಮ ಹಿರಿಯರು ನಗುತ್ತ ಕೇಳಿದ ಹುಳಿಯ ಪ್ರಶ್ನೆಯು ಇದನ್ನು ಓದಿದಂದು ನಮಗೆ ನಗೆಯಾಗಿ ತೋರಲಿಲ್ಲ.

ನಮ್ಮ ದೇಶದಲ್ಲಿ ಈ ಹೂವಿಗೆ ತಕ್ಕ ನೆಲವೆಂದರೆ ಹಿಮಾಲಯದ ಮಗ್ಗುಲು. ಶ್ರೀನಗರದಲ್ಲಿ ಜಬರ್ವಾನ್ ಬೆಟ್ಟದ ತಪ್ಪಲಿನ ದೊಡ್ಡ ತೋಟವು 2007ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ ನೆಡುವುದಕ್ಕೂ ಹಾಲೆಂಡಿನಿಂದ ಗೆಡ್ಡೆಗಳನ್ನು ತರಿಸಿದ್ದಾರೆ.

ಬಯಲುಸೀಮೆಯಲ್ಲಿ ಇದನ್ನು ಬೆಳೆದು ಮಾರುವ ಯೋಚನೆಯನ್ನು ನಾವು ಯಾರಿಗೂ ಹೇಳಲಾರೆವು. ಮನೆಯ ಮಟ್ಟಿಗೆ ಆಸೆಯಿದ್ದವರು ಹೀಗೆ ಮಾಡಬಹುದು. ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ ಹಾಕಿ, ರೆಫ್ರಿಜರೇಟರಿನ ಕೆಳಗಿನ ಖಾನೆಯಲ್ಲಿ ಹನ್ನೆರಡು ವಾರಗಳಿಗೆ ಕಡಿಮೆಯಿಲ್ಲದಂತೆ ಇಡತಕ್ಕದ್ದು. ಸೇಬು ಮುಂತಾದ ಮಾಗುವ ಹಣ್ಣುಗಳನ್ನು ಅದರೊಡನೆ ಇಡಕೂಡದು. ಅವು ಬಿಡುವ ಎಥಿಲೀನೆಂಬ ಅನಿಲದಿಂದ ಗರ್ಭದ ಹೂವು ಸಾಯುತ್ತದೆ. ಮಕ್ಕಳು ಈರುಳ್ಳಿಯೆಂದು ತಿನ್ನದಂತೆ ಚೀಲದ ಮೇಲೆ ಹೆಸರನ್ನು ಬರೆಯಬೇಕು. ಮಾಗಿಯ ನಡುವೆ, ನೀರು ಬಸಿದುಹೋಗುವ ಮರಳುಮಣ್ಣಿನ ಕುಂಡದಲ್ಲಿ ನೆಟ್ಟು, ತಂಪಾದ ಎಡೆಯಲ್ಲಿ ಇರಿಸಬೇಕು. ಅಂಗಡಿಯಿಂದ ಹೂವನ್ನೇ ತಂದವರು ಹೂದಾನಿಯಲ್ಲಿ ತಣ್ಣೀರನ್ನು ಸ್ವಲ್ಪವೇ ಹಾಕಿ ದಿನವೂ ಬದಲಿಸಲಿ. ಕೊಯ್ದ ಮೇಲೂ ಟ್ಯೂಲಿಪ್ ಬೆಳೆಯುತ್ತಿರುತ್ತದೆ, ಬೆಳಕಿನ ಕಡೆಗೆ ಬಾಗುತ್ತದೆ. ಅದು ಬಾಡಿತೆಂದು ಎಸೆಯಬಾರದು.

ಎರಡನೆಯ ವರ್ಷ ನಾವು ಹೀಗೆಯೇ ಮಾಡಿದೆವು. ಹೊಸ ಆರು ಗೆಡ್ಡೆಗಳಲ್ಲಿ ನಾಲ್ಕು ಹೂಬಿಟ್ಟವು. ಕಾಂಡವು ಗೇಣುದ್ದವೂ ಇರಲಿಲ್ಲ. ಹೂವು ಐದು ದಿನ ನಿಂತಿತು. ಹಿರಿಯರು ದಿನವೂ ಬೆಳಗ್ಗೆ ಕುಂಡದ ಬಳಿ ಕುಳಿತು ನೋಡಿದರು. ಆರನೆಯ ದಿನ ದಳಗಳು ಉದುರಿದಾಗ, “ಇಷ್ಟಕ್ಕೆ ಇಷ್ಟು ಕಾಲ ಕಾಯುವವರೂ ಇದ್ದಾರಲ್ಲ!” ಎಂದರು. ಆ ಕಾಯುವವರ ನೆನಪು ಹೂವನ್ನು ಕೊಳ್ಳುವಾಗ ನಮಗೆ ಇರಲಿ. ನಮ್ಮೂರಿನ ಮಲ್ಲಿಗೆಯ ಬುಟ್ಟಿಯವಳೊಡನೆ ಮೊಳಕ್ಕೆ ಚೌಕಾಸಿ ಮಾಡುವಾಗಲೂ ಇರಲಿ.