ಮುದುಕ ತಿಂದದ್ದು ಡಾಲ್ಫಿನ್ನನ್ನೇ?

ಹೆಮಿಂಗ್ವೇ 1952ರಲ್ಲಿ ಪ್ರಕಟಿಸಿದ ‘ದಿ ಓಲ್ಡ್ ಮ್ಯಾನ್ ಅಂಡ್ ದ ಸೀ’ ಓದುವವರು ನಡುಗಡಲಿನಲ್ಲಿ ಒಮ್ಮೆ ಗಕ್ಕನೆ ನಿಲ್ಲುತ್ತಾರೆ. ಮುದುಕ ಸಾಂಟಿಯಾಗೊ ದೋಣಿಯಲ್ಲೇ ಡಾಲ್ಫಿನ್ ಒಂದನ್ನು ಸೀಳಿ, ಉಪ್ಪು ನಿಂಬೆ ತರಲಿಲ್ಲವಲ್ಲ ಎಂದು ಪೇಚಾಡುತ್ತಾ ಹಸಿಯಾಗಿಯೇ ತಿನ್ನುತ್ತಾನೆ. ಹಡಗಿನ ಮುಂದೆ ಜಿಗಿದಾಡುವ ಆ ಜಾಣ ಪ್ರಾಣಿಯನ್ನೇ?

ಅಲ್ಲ. ಇಂಗ್ಲಿಷಿನ ಡಾಲ್ಫಿನ್ ಎರಡು ಜೀವಿಗಳಿಗೆ ಒಂದೇ ಹೆಸರು. ಒಂದು, ಮರಿಗೆ ಹಾಲೂಡಿಸುವ ಸಸ್ತನಿ. ಇನ್ನೊಂದು, ನೀರಲ್ಲಿ ಹಸಿರು, ಹೊನ್ನಿನ ಬಣ್ಣದಲ್ಲಿ ಮಿಂಚಿ, ಸತ್ತೊಡನೆ ಬೂದುಬೂದಾಗುವ ಮೀನು. ಗಿರಾಕಿಗಳು ಬೆಚ್ಚದಿರಲೆಂದು ಅಮೆರಿಕದ ಹೋಟೆಲುಗಳು ಈಗ ಅದನ್ನು ಹವಾಯಿ ಭಾಷೆಯ ‘ಮಾಹಿ-ಮಾಹಿ’ ಎಂಬ ಹೆಸರಲ್ಲಿ ಬಡಿಸುತ್ತವೆ.

ಸ್ಪ್ಯಾನಿಷ್‌ನಲ್ಲಿ ಈ ಗೊಂದಲವಿಲ್ಲ. ಪ್ರಾಣಿ ‘ದೆಲ್ಫೀನ್’, ಮೀನು ‘ದೊರಾದೊ’, ಅಂದರೆ ಹೊಂಬಣ್ಣದ್ದು. ಆದರೆ ಅನುವಾದಕನಿಗೆ ಯಾವುದು ಯಾವುದೆಂದು ತಿಳಿದಿರಬೇಕಷ್ಟೆ. ಹವಾನಾದ ‘ಬೊಹೆಮಿಯಾ’ ಪತ್ರಿಕೆಗಾಗಿ 1953ರಲ್ಲಿ ಈ ಕೃತಿಯನ್ನು ಸ್ಪ್ಯಾನಿಷ್‌ಗೆ ತಂದವನು ಲೀನೊ ನೊವಾಸ್ ಕಾಲ್ವೊ. ಗಲೀಸಿಯಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಕ್ಯೂಬಾ ಸೇರಿದ ಕಥೆಗಾರ. ಸಾಂಟಿಯಾಗೊ ಕ್ಯೂಬಾದ ಬೆಸ್ತ; ಅವನು ಯೋಚಿಸುವುದೇ ಸ್ಪ್ಯಾನಿಷ್‌ನಲ್ಲಿ. ಹಾಗಾಗಿ ಇದು ಅನುವಾದಕ್ಕಿಂತ ಹೆಚ್ಚಾಗಿ, ಪರದೇಶದಲ್ಲಿದ್ದ ಮಾತನ್ನು ತವರಿಗೆ ಕರೆತಂದ ಹಾಗೆ.

ತವರಲ್ಲೂ ತಕರಾರು ತಪ್ಪಲಿಲ್ಲ. ಕಾದಂಬರಿಯ ತುಂಬ ಬರುವ ‘ಫಿಶ್’ ಎಂಬ ಪುಟ್ಟ ಪದ ಡಾಲ್ಫಿನ್‌ಗಿಂತ ತಂಟೆಯದು. ನಮ್ಮಲ್ಲಿ ಕೆರೆಯಲ್ಲಿದ್ದರೂ ಮೀನು, ಸಾರಿನಲ್ಲಿದ್ದರೂ ಮೀನು. ಸ್ಪ್ಯಾನಿಷ್‌ನಲ್ಲಿ ಈಜುವುದು ‘ಪೆಸ್’. ಬಲೆಗೋ ಗಾಳಕ್ಕೋ ಸಿಕ್ಕಿ ಅಡುಗೆಗೆ ಬಂದದ್ದು ‘ಪೆಸ್ಕಾದೊ’, ಹಿಡಿದದ್ದು ಎಂದೇ ಅದರ ಅರ್ಥ. ಹೊಸದಾಗಿ ಕಲಿಯುವವರು ಗಾಜಿನ ತೊಟ್ಟಿಯ ಬಣ್ಣದ ಮರಿಗಳನ್ನು ಪೆಸ್ಕಾದೊ ಅಂದುಬಿಟ್ಟು ನಗೆಪಾಟಲಾಗುತ್ತಾರೆ.

ಸಾಂಟಿಯಾಗೊ ತನ್ನ ಗಾಳ ಕಚ್ಚಿದ ಮಾರ್ಲಿನ್ ಜೊತೆ ದಿನಗಟ್ಟಲೆ ಮಾತಾಡುತ್ತಾನೆ. ಮಾತಾಡಿಸುವ ಜೀವವನ್ನು ಪೆಸ್ಕಾದೊ ಎನ್ನಲು ಯಾರಿಗೆ ಬಾಯಿ ಬಂದೀತು? ಅದು ಪೆಸ್ಸೇ. ಸರಿ, ಈಟಿ ಹಾಕಿ ಕೊಂದು, ದೋಣಿಯ ಮಗ್ಗುಲಿಗೆ ಕಟ್ಟಿಕೊಂಡ ಮೇಲೆ? ಆಗ ಮುದುಕ ಮನಸ್ಸಿನಲ್ಲೇ ತೂಕ ಹಾಕುತ್ತಾನೆ: 1,500 ಪೌಂಡಿಗೂ ಮೇಲು, ಹಸನು ಮಾಡಿದ ಮೇಲೆ ಮೂರರಲ್ಲಿ ಎರಡು ಪಾಲು ಉಳಿದೀತು, ಪೌಂಡಿಗೆ 30 ಸೆಂಟ್. ನನ್ನ ಕಿವಿಗಂತೂ ಆ ಒಂದು ಗಳಿಗೆ ಅದು ಪೆಸ್ಕಾದೊ. ತುಸು ಹೊತ್ತಿಗೆ ಶಾರ್ಕ್‌ಗಳು ಬರುತ್ತವೆ. ಅರ್ಧಂಬರ್ಧ ಉಳಿದ ದೇಹದ ಕಡೆ ತಿರುಗಿ ನೋಡಲಾಗದೆ ಮುದುಕ ಅದರ ಕ್ಷಮೆ ಕೇಳುತ್ತಾನೆ. ಆಗ ಮತ್ತೆ ಪೆಸ್.