ಕೈಬ್ರಷ್ಷೋ, ವಿದ್ಯುತ್ ಬ್ರಷ್ಷೋ?

ದೇಹಾರೋಗ್ಯದ ಹೆಬ್ಬಾಗಿಲು ಬಾಯಿ. ಅದನ್ನು ಶುಚಿಯಾಗಿಡುವುದು ದಿನದ ಮೊದಲ ಕರ್ತವ್ಯವೆಂದು ಹಿರಿಯರು ನಂಬಿದ್ದರು. ಕನ್ನಡನಾಡಿನ ಮನೆಗಳಲ್ಲಿ ಬೇವಿನ ಕಡ್ಡಿ, ಉಪ್ಪು, ಇದ್ದಿಲು ಪುಡಿಗಳು ಈ ಕಾರ್ಯಕ್ಕೆ ಒದಗುತ್ತಿದ್ದವು. 1913ರಲ್ಲಿ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯು ಆ ಊರಿನ ಹೆಸರನ್ನೇ ಮನೆಮನೆಗೆ ಮುಟ್ಟಿಸಿತು. ಕೇರಳೀಯರಿಗೂ ಭತ್ತದ ಹೊಟ್ಟನ್ನು ಸುಟ್ಟು ಮಾಡಿದ 'ಉಮಿಕ್ಕರಿ', ಮಾವಿನ ಎಲೆ, ನಾಲಗೆ ಕೆರೆಯಲು ತೆಂಗಿನ ಗರಿಯ ಕಡ್ಡಿ ಇದ್ದವು. ಇಂದು ಕೊಚ್ಚಿಯ ಮಹಾತ್ಮಾ ಗಾಂಧಿ ರಸ್ತೆಯಲ್ಲಾಗಲಿ, ತಿರುವನಂತಪುರದ ಚಾಲೆ ಪೇಟೆಯಲ್ಲಾಗಲಿ ಬ್ರಷ್ ಕೊಳ್ಳಲು ಹೊರಟ ಕನ್ನಡಿಗ ಗೃಹಸ್ಥನ ಮುಂದೆ ಹೊಸದೊಂದು ಪ್ರಶ್ನೆ ನಿಂತಿದೆ: ಕೈಯಿಂದ ಉಜ್ಜುವುದೋ, ವಿದ್ಯುತ್ತಿನಿಂದ ಉಜ್ಜಿಸುವುದೋ?

ವಿದ್ಯುತ್ ಬ್ರಷ್ಷು ತೀರ ಹೊಸ ವಸ್ತುವೇನಲ್ಲ. ನೈಲಾನ್ ಎಳೆಗಳ ಬ್ರಷ್ಷು ಅಮೆರಿಕದಲ್ಲಿ 1938ರಲ್ಲಿ ಮಾರಾಟಕ್ಕೆ ಬಂದರೆ, 1954ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಫಿಲಿಪ್ ಗೀ ವೂಗ್ ಎಂಬವರು 'ಬ್ರಾಕ್ಸೊಡೆಂಟ್' ಎಂಬ ವಿದ್ಯುತ್ ಬ್ರಷ್ಷನ್ನು ರೂಪಿಸಿದರು. ಕೈಯ ಚಲನೆ ಕುಂಠಿತವಾದವರಿಗೆ ನೆರವಾಗುವುದು ಅದರ ಒಂದು ಮುಖ್ಯ ಉದ್ದೇಶವಾಗಿತ್ತು. ಈ ಮೂಲೋದ್ದೇಶವನ್ನು ಮರೆಯದಿದ್ದರೆ ಆಯ್ಕೆಯು ಅರ್ಧ ಸುಲಭವಾದಂತೆ.

ಗುಣದಲ್ಲಿ ಇವೆರಡರ ನಡುವೆ ಅಂತರವುಂಟೆ? 'ಕಾಕ್ರೇನ್' ಸಂಸ್ಥೆಯು 2014ರಲ್ಲಿ 56 ಪ್ರಯೋಗಗಳನ್ನು ಪರಿಶೀಲಿಸಿ ಪ್ರಕಟಿಸಿದ ವರದಿಯಂತೆ, ಮೂರು ತಿಂಗಳಿಗೂ ಹೆಚ್ಚು ಕಾಲ ವಿದ್ಯುತ್ ಬ್ರಷ್ ಬಳಸಿದವರಲ್ಲಿ ಹಲ್ಲಿನ ಮೇಲಣ ಲೋಳೆಯ ಪದರವು ಶೇಕಡ 21ರಷ್ಟೂ ವಸಡಿನ ಉರಿಯೂತವು ಶೇಕಡ 11ರಷ್ಟೂ ಕಡಿಮೆಯಾಗಿತ್ತು. ಲಾಭವಿದೆ, ನಿಜ, ಆದರೆ ಅದು ಪವಾಡವಲ್ಲ. ಮೃದು ಎಳೆಗಳ ಕೈಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು, ದಿನಕ್ಕೆರಡು ಸಲ, ಪ್ರತಿಸಲವೂ ಎರಡು ನಿಮಿಷ, ಫ್ಲೋರೈಡ್ ಪೇಸ್ಟಿನೊಡನೆ ಮೆಲ್ಲನೆ ಉಜ್ಜುವವನ ಬಾಯಿ ಶುಚಿಯಾಗಿಯೇ ಇರುತ್ತದೆ. ಪಾತ್ರೆ ತಿಕ್ಕಿದಂತೆ ಹಲ್ಲು ತಿಕ್ಕುವವರಿಗೆ ವಸಡು ಸವೆದು ಕೆಳಗಿಳಿಯುತ್ತದೆ. ಅಂಥವರಿಗೆ, ಒತ್ತಡ ಹೆಚ್ಚಾದೊಡನೆ ಎಚ್ಚರಿಸುವ ವಿದ್ಯುತ್ ಬ್ರಷ್ಷು ಉತ್ತಮ ಗುರುವಾದೀತು.

ಇದರ ನಿಜವಾದ ಅವಶ್ಯಕತೆ ಇರುವುದು ಮನೆಯ ಹಿರಿಯರಿಗೆ. ಊರಿನ ಮನೆಗೆ ಬೀಗ ಹಾಕಿ ಮಗನ ಸಂಸಾರದೊಡನೆ ಕೊಚ್ಚಿಯ ಫ್ಲ್ಯಾಟಿನಲ್ಲಿ ನೆಲೆಸಿದ ತಾಯಿತಂದೆಗಳಲ್ಲಿ ಅನೇಕರಿಗೆ ಸಂಧಿವಾತ, ಕೈನಡುಕ, ಪಾರ್ಶ್ವವಾಯುವಿನ ಬಾಧೆಗಳಿರುತ್ತವೆ. ಬಾಯಿ ಶುಚಿಯಾಗಿಲ್ಲವೆಂದು ಅವರು ಸೊಸೆಯೊಡನೆ ಹೇಳಲಾರರು. ತಮ್ಮ ಹಲ್ಲನ್ನು ಮತ್ತೊಬ್ಬರು ಉಜ್ಜಲೆಂದು ಬಾಯಿ ತೆರೆಯಲೂ ಸಂಕೋಚಪಡುತ್ತಾರೆ. ಮಧುಮೇಹವಿದ್ದರಂತೂ ತೊಂದರೆ ಇಮ್ಮಡಿ. ಸಕ್ಕರೆಯ ಅಂಶ ಏರಿದರೆ ವಸಡಿನ ರೋಗ ಬಲಿಯುತ್ತದೆ, ವಸಡು ಕೆಟ್ಟರೆ ಸಕ್ಕರೆಯನ್ನು ಹತೋಟಿಗೆ ತರುವುದು ಕಷ್ಟವಾಗುತ್ತದೆ. ದಪ್ಪ ಹಿಡಿಯ ವಿದ್ಯುತ್ ಬ್ರಷ್ಷನ್ನು ಒಂದೊಂದು ಹಲ್ಲಿನ ಮೇಲೂ ಕೆಲವು ಕ್ಷಣ ಇರಿಸಿಕೊಂಡರೆ ಸಾಕು, ಉಜ್ಜುವ ಶ್ರಮವಿಲ್ಲ. ಹಿರಿಯರು ತಮ್ಮ ಕೆಲಸವನ್ನು ತಾವೇ ಮಾಡಿಕೊಂಡ ನೆಮ್ಮದಿಗೆ ಬೆಲೆ ಕಟ್ಟಲಾಗದು.

ಬೆಲೆ ಕಟ್ಟಬಹುದಾದ ಭಾಗವನ್ನೂ ಲೆಕ್ಕ ಹಾಕುವುದು ಲೇಸು. ಕೈಬ್ರಷ್ಷಿಗೆ 40 ರೂಪಾಯಿ ಎಂದೂ ಮೂರು ತಿಂಗಳಿಗೊಮ್ಮೆ ಬದಲಾಯಿಸುವುದೆಂದೂ ಇಟ್ಟುಕೊಂಡರೆ, ಐದು ವರ್ಷಕ್ಕೆ ಒಬ್ಬರ ಖರ್ಚು 800 ರೂಪಾಯಿ. ವಿದ್ಯುತ್ ಬ್ರಷ್ಷಿಗೆ 2,500 ರೂಪಾಯಿ, ಬದಲಿ ತಲೆಯೊಂದಕ್ಕೆ 250 ರೂಪಾಯಿ ಎಂದಾದರೆ, ಮೊದಲ ತಲೆಯನ್ನು ಬಿಟ್ಟು ಉಳಿದ 19ಕ್ಕೆ 4,750; ಒಟ್ಟು 7,250 ರೂಪಾಯಿ. ಒಂದೇ ಹಿಡಿಗೆ ಬೇರೆಬೇರೆ ತಲೆ ಜೋಡಿಸಿ ನಾಲ್ವರು ಬಳಸಿದರೂ 22,250 ರೂಪಾಯಿ ತಗಲುವುದು. ಅದೇ ನಾಲ್ವರಿಗೆ ಕೈಬ್ರಷ್ಷಾದರೆ 3,200 ರೂಪಾಯಿ ಸಾಕು. ಅಸಲಿಗಿಂತ ಬಡ್ಡಿಯೇ ಭಾರವೆಂಬ ಮಾತು ಇಲ್ಲಿ ಸಲ್ಲುತ್ತದೆ. ಕೊಳ್ಳುವ ಮುನ್ನ ಬದಲಿ ತಲೆ ಸುಲಭವಾಗಿ ದೊರೆಯುವುದೇ ಎಂದು ವಿಚಾರಿಸಬೇಕು.

ವಿದೇಶದಿಂದ ಬಂಧುಗಳು ತಂದ ಬ್ರಷ್ಷಾದರೆ ಚಾರ್ಜರಿನ ಅಡಿಯಲ್ಲಿ ನಮೂದಿಸಿದ ವೋಲ್ಟೇಜನ್ನು ಓದಬೇಕು. ಅಮೆರಿಕದ 120 ವೋಲ್ಟಿಗೆ ಮಾತ್ರ ತಯಾರಾದುದು ಇಲ್ಲಿನ 230 ವೋಲ್ಟಿನಲ್ಲಿ ಸುಟ್ಟುಹೋದೀತು. ಕೇರಳದ ಮಳೆಗಾಲದ ತೇವದಲ್ಲಿ ಹಿಡಿ ಮತ್ತು ತಲೆಗಳನ್ನು ಬೇರ್ಪಡಿಸಿ ಒಣಗಿಸಿಡುವುದೂ ಅಗತ್ಯ.

ಹಾಳಾದ ಬ್ರಷ್ಷಿನ ಬ್ಯಾಟರಿಯನ್ನು ಮನೆಯ ಕಸದೊಡನೆ ಎಸೆಯಕೂಡದು. 2023ರ ಮಾರ್ಚ್ ತಿಂಗಳಲ್ಲಿ ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಬಿದ್ದು ಕೊಚ್ಚಿಯ ಜನ ದಿನಗಟ್ಟಲೆ ವಿಷದ ಹೊಗೆಯನ್ನು ಉಸಿರಾಡಿದುದನ್ನು ಯಾರೂ ಮರೆತಿಲ್ಲ. ಬ್ಯಾಟರಿಯನ್ನು ಪ್ರತ್ಯೇಕವಾಗಿರಿಸಿ ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುವುದು ನೆರೆಹೊರೆಯವರಿಗೆ ಸಲ್ಲಿಸುವ ಋಣ.

ಒಟ್ಟಿನಲ್ಲಿ, ಕೈ ಗಟ್ಟಿಯಾಗಿದ್ದು ತಾಳ್ಮೆಯಿರುವವರಿಗೆ ಕೈಬ್ರಷ್ಷೇ ಸಾಕು. ಮನೆಗೆ ಒಂದೇ ವಿದ್ಯುತ್ ಬ್ರಷ್ ಕೊಳ್ಳುವ ಶಕ್ತಿಯಿದ್ದರೆ ಅದು ಮೊದಲು ಅಜ್ಜ ಅಜ್ಜಿಯರಿಗೆ ಸಲ್ಲಲಿ. ವಸಡಿನಲ್ಲಿ ರಕ್ತ ಕಾಣಿಸಿದರೆ ಮಾತ್ರ ಯಾವ ಬ್ರಷ್ಷನ್ನೂ ನಂಬಿ ಕೂರದೆ ದಂತವೈದ್ಯರನ್ನು ಕಾಣುವುದೇ ವಿವೇಕ.