ಐದು ವರ್ಷದ ಮಾತ್ರೆ

ಆಪರೇಶನ್, ಕೀಮೊ, ರೇಡಿಯೇಶನ್ ಮೂರೂ ಮುಗಿದು, ಉದುರಿದ ಕೂದಲು ಮತ್ತೆ ಬೆರಳುದ್ದ ಬೆಳೆದ ಮೇಲೆ ನೆಂಟರಿಷ್ಟರು ‘ಅಂತೂ ಗೆದ್ದುಬಂದೆ’ ಎನ್ನುತ್ತಾರೆ. ಸ್ತನ ಕ್ಯಾನ್ಸರ್ ಆದ ನಮ್ಮಲ್ಲಿ ಬಹಳ ಜನಕ್ಕೆ ಚಿಕಿತ್ಸೆಯ ಅತಿ ಉದ್ದದ ಭಾಗ ಶುರುವಾಗುವುದೇ ಆಗ. ದಿನಕ್ಕೊಂದು ಮಾತ್ರೆ, ಸಾಮಾನ್ಯವಾಗಿ ಐದು ವರ್ಷ. ಕೆಲವರಿಗೆ ಏಳು, ಹತ್ತು ವರ್ಷವೂ ಉಂಟು. ಇದಕ್ಕೆ ಆಸ್ಪತ್ರೆಯ ಮಂಚವಿಲ್ಲ, ಡ್ರಿಪ್ ಇಲ್ಲ, ಎಳನೀರು ಹಿಡಿದು ನೋಡಲು ಬರುವವರೂ ಇಲ್ಲ. ‘ವಾಸಿಯಾಯ್ತಲ್ಲ, ಇನ್ನೂ ಯಾಕೆ ಮಾತ್ರೆ?’ ಎಂದು ನನ್ನ ನಾದಿನಿ ಕೇಳಿದ್ದು ತಪ್ಪೇನಲ್ಲ. ಹೊರಗಿನಿಂದ ನೋಡಿದರೆ ನಾನು ಚೆನ್ನಾಗಿಯೇ ಇದ್ದೇನೆ.

ಸ್ತನ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನಿನ ಬಲದಿಂದ ಬೆಳೆಯುವಂಥವು. ಕಣ್ಣಿಗೆ ಕಾಣದ ಕಣ ಎಲ್ಲಾದರೂ ಉಳಿದಿದ್ದರೆ ಅದಕ್ಕೆ ಈ ಹಾರ್ಮೋನು ಸಿಗಬಾರದು. ಟಮಾಕ್ಸಿಫೆನ್ ಮಾತ್ರೆ, ಈಸ್ಟ್ರೋಜೆನ್ ಬಂದು ಕೂರಬೇಕಾದ ಜಾಗದಲ್ಲಿ ತಾನೇ ಹೋಗಿ ಕೂತುಬಿಡುತ್ತದೆ. ಮುಟ್ಟು ನಿಂತ ನನ್ನಂಥವರಿಗೆ ಹೆಚ್ಚಾಗಿ ಕೊಡುವುದು ಲೆಟ್ರೋಝೋಲ್, ಅನಾಸ್ಟ್ರೋಝೋಲ್ ಜಾತಿಯವು. ಅಂಡಾಶಯ ಕೆಲಸ ನಿಲ್ಲಿಸಿದ ಮೇಲೂ ಮೈಯ ಕೊಬ್ಬು, ಸ್ನಾಯುಗಳಲ್ಲಿ ಒಂದಿಷ್ಟು ಈಸ್ಟ್ರೋಜೆನ್ ತಯಾರಾಗುತ್ತಲೇ ಇರುತ್ತದೆ. ಅದನ್ನು ತಯಾರಿಸುವ ಅರೋಮಟೇಸ್ ಎಂಬ ಕಿಣ್ವವನ್ನು ಇವು ತಡೆಯುತ್ತವೆ. ಫಲ ಸಣ್ಣದಲ್ಲ. ಐದು ವರ್ಷ ಟಮಾಕ್ಸಿಫೆನ್ ತೆಗೆದುಕೊಂಡವರಲ್ಲಿ ಈ ಕಾಯಿಲೆಯಿಂದಾಗುವ ಸಾವು ಮುಂದಿನ ಹದಿನೈದು ವರ್ಷಗಳಲ್ಲಿ ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿದೆ. ಆದರೆ ಈ ಹಾರ್ಮೋನು ಮೂಳೆ, ಕೀಲು, ಚರ್ಮ, ನಿದ್ದೆ ಎಲ್ಲಕ್ಕೂ ಬೇಕಾಗಿತ್ತಲ್ಲ! ಅದರ ಲೆಕ್ಕ ಬೇರೆ.

ನನಗೆ ಮೊದಲು ಕೈಕೊಟ್ಟದ್ದು ಬೆರಳುಗಳು. ಮಾತ್ರೆ ಶುರುವಾಗಿ ಎರಡು ತಿಂಗಳಾಗಿತ್ತು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರದು. ಮಿಕ್ಸಿ ಜಾರಿನ ಮುಚ್ಚಳ ತಿರುಗದು, ರಂಗೋಲಿಯ ಎಳೆ ಬೆರಳಿಂದ ಇಳಿಯದು. ಮಂಚದಿಂದ ಇಳಿದು ಮೊದಲ ಹತ್ತು ಹೆಜ್ಜೆ ಇಡುವಾಗ ನನ್ನ ಅಜ್ಜಿಯ ನಡಿಗೆಯೇ ನನಗೆ ಬಂದಿತ್ತು. ಗಂಟೆ ಕಳೆದರೆ ಸಡಿಲವಾಗುತ್ತಿತ್ತು. ಮಧ್ಯಾಹ್ನ ಊಟಕ್ಕೆ ಕೂತು ಎದ್ದರೆ ಮತ್ತೆ ಅದೇ. ಮನೆ ಹತ್ತಿರದ ವೈದ್ಯರೊಬ್ಬರು ‘ವಯಸ್ಸಾಯ್ತಲ್ಲಮ್ಮ’ ಎಂದು ನೋವಿನ ಮುಲಾಮು ಬರೆದುಕೊಟ್ಟರು. ಕ್ಯಾನ್ಸರ್ ವೈದ್ಯೆ ಮಾತ್ರ ಕೇಳಿದ ಕೂಡಲೇ ‘ಇದು ಮಾತ್ರೆಯದೇ’ ಎಂದರು. ನಿಜ ಹೇಳುತ್ತೇನೆ, ಆ ಒಂದು ಮಾತಿಗೇ ಅರ್ಧ ನೋವು ಇಳಿದ ಹಾಗಾಯಿತು. ಕಾಯಿಲೆ ಮೂಳೆಗೆ ಹತ್ತಿತೇನೋ ಎಂದು ರಾತ್ರಿಯೆಲ್ಲ ಕಣ್ಣುಬಿಟ್ಟು ಮಲಗಿದ್ದವಳು ನಾನು.

ಅವರು ಕೊಟ್ಟ ಮೊದಲ ಮದ್ದು ನಡಿಗೆ. ಕೀಲು ನೋಯುವವಳಿಗೆ ನಡೆ ಎನ್ನುತ್ತಾರಲ್ಲ ಎಂದು ಸಿಟ್ಟು ಬಂದಿತ್ತು. ಆದರೆ ಇದು ಬಾಯಿಮಾತಿನ ಸಲಹೆಯಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಇದೇ ಜಾತಿಯ ಮಾತ್ರೆಯಿಂದ ಕೀಲುನೋವು ಬಂದ 121 ಮಹಿಳೆಯರ ಮೇಲೆ ನಡೆಸಿ, 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ, ಎರಡು ಸಲ ಭಾರ ಎತ್ತುವ ವ್ಯಾಯಾಮ ಮಾಡಿದವರ ತೀವ್ರ ನೋವು ಒಂದು ವರ್ಷದಲ್ಲಿ ಶೇ 29ರಷ್ಟು ತಗ್ಗಿತ್ತು. ಮಾಡದವರಲ್ಲಿ ತಗ್ಗಲಿಲ್ಲ. ನನ್ನ ಮನೆಯಲ್ಲಿ ಡಂಬೆಲ್ ಇಲ್ಲ. ಒಂದು ಲೀಟರಿನ ಎರಡು ನೀರಿನ ಬಾಟಲಿ ಇವೆ. ಆಪರೇಶನ್ ಆದ ಕಡೆಯ ಕೈಗೆ ಎಷ್ಟು ಭಾರ ಸರಿ ಎಂದು ಫಿಸಿಯೋಥೆರಪಿಯವರನ್ನು ಕೇಳಿಯೇ ಶುರುಮಾಡಿದೆ. ಬೆಳಿಗ್ಗೆ ಎದ್ದೊಡನೆ ಬಿಸಿನೀರಿನ ಪಾತ್ರೆಯಲ್ಲಿ ಕೈ ಅದ್ದಿ ಬೆರಳು ಮಡಚಿ ಬಿಡಿಸುತ್ತೇನೆ. ಮೊಮ್ಮಗಳು ಪಕ್ಕದಲ್ಲಿ ಕೂತು ಇಪ್ಪತ್ತರವರೆಗೆ ಎಣಿಸುತ್ತಾಳೆ, ಹದಿಮೂರನ್ನು ದಿನಾ ನುಂಗಿಬಿಡುತ್ತಾಳೆ. ನೋವು ಮಾಯವಾಗಿಲ್ಲ. ರಂಗೋಲಿ ಮಾತ್ರ ಮತ್ತೆ ಇಳಿಯುತ್ತಿದೆ, ಚುಕ್ಕಿ ಸ್ವಲ್ಪ ದಪ್ಪವಾಗಿ.

ಇನ್ನು ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು. ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ನೆತ್ತಿಗೆ ಝಳ ಹತ್ತಿ, ಎರಡು ಮೂರು ನಿಮಿಷದಲ್ಲಿ ಬೆವರಾಗಿ ಇಳಿದು, ಆಮೇಲೆ ಚಳಿ. ಮದುವೆಮನೆಯಲ್ಲಿ ರೇಷ್ಮೆ ಸೀರೆ ಉಟ್ಟಾಗಲೇ ಬರಬೇಕೆಂಬ ನಿಯಮವೇನೋ ಇದಕ್ಕಿದೆ! ನನಗೆ ಕುದಿಯುವ ಕಾಫಿ ಕುಡಿದರೆ ಹೆಚ್ಚು, ಖಾರ ತಿಂದರೆ ಹೆಚ್ಚು. ಕಾಫಿ ಬಿಡಲಿಲ್ಲ, ಆರಿಸಿ ಕುಡಿಯುತ್ತೇನೆ. ರಾತ್ರಿ ನಿದ್ದೆಯೇ ಕೆಡುವಷ್ಟಾದರೆ ವೆನ್ಲಾಫ್ಯಾಕ್ಸಿನ್, ಗಾಬಾಪೆಂಟಿನ್‌ನಂಥ ಹಾರ್ಮೋನಲ್ಲದ ಔಷಧಿಗಳನ್ನು ವೈದ್ಯರು ಕೊಡುತ್ತಾರೆ. ಇಲ್ಲಿ ಎಚ್ಚರ ಬೇಕು. ಟಮಾಕ್ಸಿಫೆನ್ ನುಂಗುವವರು ಖಿನ್ನತೆಗೆ ಕೊಡುವ ಪ್ಯಾರಾಕ್ಸಿಟಿನ್, ಫ್ಲುಯಾಕ್ಸಿಟಿನ್ ತೆಗೆದುಕೊಂಡರೆ ಟಮಾಕ್ಸಿಫೆನ್‌ನ ಬಲವೇ ಕುಂದಬಹುದು. ಬೇರೆ ಯಾವ ವೈದ್ಯರ ಬಳಿ ಹೋದರೂ ಈ ಮಾತ್ರೆಯ ಚೀಟಿ ತೋರಿಸಲೇಬೇಕು. ಟಮಾಕ್ಸಿಫೆನ್‌ನವರಿಗೆ ಇನ್ನೂ ಎರಡು ಮಾತು: ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಅಥವಾ ಒಂದೇ ಕಾಲು ಊದಿ ನೋಯತೊಡಗಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬಾರದು, ಅಂದೇ ತೋರಿಸಬೇಕು.

ಲೆಟ್ರೋಝೋಲ್ ಮೂಳೆಯನ್ನೂ ಸವೆಸುತ್ತದೆ, ಅದೂ ಸದ್ದಿಲ್ಲದೆ. ಹಾಗಾಗಿ ಮೊದಲೇ ಡೆಕ್ಸಾ ಸ್ಕ್ಯಾನ್, ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ಉಣ್ಣುವ ನಾಡಿನವರಿಗೆ ಅಷ್ಟರಮಟ್ಟಿಗೆ ಅನುಕೂಲ. ನನ್ನ ಮೂಳೆ ಈಗಾಗಲೇ ತೆಳುವಾಗಿದ್ದರಿಂದ ಆರು ತಿಂಗಳಿಗೊಂದು ಝೋಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ನಡೆದಿದೆ. ಅದಕ್ಕೆ ಮುಂಚೆ ಹಲ್ಲಿನ ವೈದ್ಯರಲ್ಲಿಗೆ ಕಳಿಸಿದರು, ಕೀಳುವ ಹಲ್ಲು ಇದ್ದರೆ ಮೊದಲೇ ಕೀಳಿಸಬೇಕಂತೆ.

ಹೆಂಗಸರು ಹೆಂಗಸರ ಹತ್ತಿರವೂ ಹೇಳದ ತೊಂದರೆ ಒಂದಿದೆ. ಯೋನಿ ಒಣಗಿ ಉರಿ ಬರುವುದು, ಗಂಡನ ಜೊತೆ ಸೇರುವಾಗ ನೋವು. ‘ಈ ವಯಸ್ಸಿನಲ್ಲಿ ಇದನ್ನೆಲ್ಲ ಕೇಳುವುದೆ?’ ಎಂದು ಬಾಯಿ ಮುಚ್ಚಿಕೊಂಡು ಒಂದೇ ಮನೆಯಲ್ಲಿ ದೂರ ಮಲಗುವ ದಂಪತಿಗಳಿದ್ದಾರೆ. ನೀರಿನಂಶದ ಜೆಲ್, ತೇವ ಉಳಿಸುವ ಕ್ರೀಮುಗಳು ಮೆಡಿಕಲ್ ಶಾಪಿನಲ್ಲೇ ಸಿಗುತ್ತವೆ. ಈಸ್ಟ್ರೋಜೆನ್ ಇರುವ ಕ್ರೀಮನ್ನು ಮಾತ್ರ ಕ್ಯಾನ್ಸರ್ ವೈದ್ಯರನ್ನು ಕೇಳದೆ ಹಚ್ಚಬಾರದು. ನಾನು ಚೀಟಿಯಲ್ಲಿ ಬರೆದು ವೈದ್ಯೆಯ ಮುಂದಿಟ್ಟೆ. ಅವರು ಓದಿ, ಬಾಗಿಲು ಹಾಕಿ ಬಂದು ಮಾತಾಡಿದರು.

ರೇಡಿಯೇಶನ್ ಸಾಲಿನಲ್ಲಿ ಪರಿಚಯವಾದ ಗೆಳತಿಯೊಬ್ಬಳು ಎಂಟು ತಿಂಗಳಿಗೇ ಮಾತ್ರೆ ನಿಲ್ಲಿಸಿದ್ದಳು. ಮನೆಯವರಿಗೆ ಗೊತ್ತಿಲ್ಲ, ಡಾಕ್ಟರಿಗೂ ಹೇಳಿಲ್ಲ. ‘ಸಾಯೋದಾದ್ರೆ ಸಾಯ್ತೀನಿ ಕಣೇ, ಕೈಕಾಲು ಆಡೋ ಹಾಗಿದ್ರೆ ಸಾಕು’ ಎಂದಳು ಫೋನಿನಲ್ಲಿ. ಬೈಯಲು ನನಗೆ ಮನಸ್ಸಾಗಲಿಲ್ಲ, ಆ ನೋವು ಎಂಥದೆಂದು ಗೊತ್ತು. ‘ನಿಲ್ಲಿಸಿದ್ದೀನಿ ಅಂತಲೇ ಹೇಳು, ಬಾ, ನಾನೂ ಜೊತೆಗೆ ಬರ್ತೀನಿ’ ಎಂದೆ. ವೈದ್ಯೆಯೂ ಬೈಯಲಿಲ್ಲ. ಮಾತ್ರೆ ಬಿಟ್ಟಾಗ ನೋವು ಇಳಿಯಿತೇ ಎಂದು ಕೇಳಿ, ಅದೇ ಗುಂಪಿನ ಬೇರೆ ಮಾತ್ರೆ ಬರೆದರು. ಒಂದು ಒಗ್ಗದವರಿಗೆ ಇನ್ನೊಂದು ಒಗ್ಗುವುದುಂಟು. ಅದೂ ಆಗದಿದ್ದರೆ ಟಮಾಕ್ಸಿಫೆನ್‌ಗೆ ಬದಲಾಯಿಸುವ ದಾರಿಯಿದೆ, ನೋವಿಗೆ ಡ್ಯುಲೋಕ್ಸೆಟಿನ್ ಕೊಟ್ಟು ನೋಡುವುದೂ ಇದೆ. ಈಗ ಏಳು ತಿಂಗಳಾಯಿತು. ಬೆಳಗಿನ ಬಿಗಿತ ಪೂರ್ತಿ ಹೋಗಿಲ್ಲವಂತೆ. ಕುಕ್ಕರ್ ಮುಚ್ಚಳವನ್ನು ಮಾತ್ರ ಸೊಸೆಯನ್ನು ಕೂಗದೆ ತಾನೇ ತೆಗೆಯುತ್ತಾಳಂತೆ.